ಹಳ್ಳಿಗೆಂದು ಹೊರಟ ಹಲಗೆ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರುಗಳಲ್ಲಿ ಜಮೀನಿನ ಲೆಕ್ಕವೆಲ್ಲ ಒಂದು ಕಾಲಕ್ಕೆ ಶಾನುಭೋಗರ ಬಗಲಲ್ಲಿರುತ್ತಿತ್ತು. ಯಾರ ಹೊಲ ಎಷ್ಟು ಕುಂಟೆ, ಯಾವ ಗದ್ದೆಗೆ ಎಷ್ಟು ಕಂದಾಯ, ಯಾರದು ಬಾಕಿ ಎಂಬುದನ್ನು ಅವರು ಬರೆದಿಡುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಕಪ್ಪು ಹಲಗೆಯಂತೆ ಗಡುಸು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಬಳಪದಲ್ಲಿ ಬರೆಯಬಹುದು, ತಪ್ಪಾದರೆ ಒರೆಸಬಹುದು, ಮತ್ತೆ ಮಸಿ ಬಳಿದು ಹೊಸದಾಗಿಸಬಹುದು. ಇವತ್ತಿಗೂ ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎಂಬ ಹೆಸರು ಉಳಿದುಕೊಂಡಿದೆ. ಕೈಯಲ್ಲಿ ಹಿಡಿದು ಓಡಾಡಬಹುದಾದ, ಬರೆದು ಅಳಿಸಬಹುದಾದ ಹಲಗೆಯೆಂದರೆ ಅದು ನಮ್ಮ ನಾಡಿಗೆ ಹೊಸ ಸಂಗತಿಯೇನೂ ಅಲ್ಲ.

ಆದರೆ ಕಡತಕ್ಕೊಂದು ಗುಣವಿತ್ತು. ಅದನ್ನು ಓದಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಅಕ್ಷರ ಕಲಿಯದ ರೈತನ ಜಮೀನು ಅಕ್ಷರ ಬಲ್ಲವನ ಬಗಲಲ್ಲಿ ಕೂತಿರುತ್ತಿತ್ತು. ವಂಶಪಾರಂಪರ್ಯವಾಗಿ ಬರುತ್ತಿದ್ದ ಪಟೇಲ, ಶಾನುಭೋಗಿಕೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಬಂತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಕಡತ ಹೋಗಿ ಪಹಣಿಯ ಪುಸ್ತಕ ಬಂತು. ಓದುವವರ ಸಂಖ್ಯೆ ಮಾತ್ರ ಬೇಗ ಬೆಳೆಯಲಿಲ್ಲ.

ಈ ಹಳೆಯ ಕಥೆಯನ್ನು ನೆನಪಿಸಿಕೊಳ್ಳದೆ ಸಿಂಪ್ಯೂಟರ್ ಎಂಬ ಯಂತ್ರದ ಕಥೆ ಅರ್ಥವಾಗುವುದಿಲ್ಲ. ಇಂದು ಟ್ಯಾಬ್ಲೆಟ್ ಕಂಪ್ಯೂಟರಿನ ಮಾರುಕಟ್ಟೆಯೆಂದರೆ ಆ್ಯಪಲ್, ಸ್ಯಾಮ್ಸಂಗ್, ಲೆನೊವೊ, ಶಿಯೋಮಿಗಳ ಜಟಾಪಟಿ. ಇವರೆಲ್ಲ ಕಣಕ್ಕೆ ಇಳಿಯುವ ಮೊದಲೇ, ಬೆಂಗಳೂರಿನಲ್ಲಿ ಕೆಲವರು ಅಂಗೈಯಲ್ಲಿ ಹಿಡಿಯುವ, ಪರದೆಯನ್ನು ಕಡ್ಡಿಯಿಂದ ಮುಟ್ಟಿ ನಡೆಸುವ, ಕನ್ನಡ ಮಾತನಾಡುವ ಕಂಪ್ಯೂಟರೊಂದನ್ನು ಮಾಡಿ ತೋರಿಸಿದ್ದರು. ಅದು ಯಾರಿಗಾಗಿ ಎಂಬ ಪ್ರಶ್ನೆಗೂ ಅವರಲ್ಲಿ ಸ್ಪಷ್ಟ ಉತ್ತರವಿತ್ತು: ಓದಲು ಬಾರದವರಿಗಾಗಿ.

ಏಳು ಜನರ ಟ್ರಸ್ಟು

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕು ಎಂಬುದು ಅಲ್ಲಿನ ಚರ್ಚೆ. ಮೇಜಿನ ಮೇಲೆ ಕೂರುವ, ಇಂಗ್ಲಿಷ್ ಬೇಡುವ, ಕರೆಂಟು ಹೋದರೆ ಕಣ್ಣು ಮುಚ್ಚುವ ಕಂಪ್ಯೂಟರನ್ನು ಹಳ್ಳಿಗೆ ಒಯ್ಯುವುದಕ್ಕಿಂತ, ಹಳ್ಳಿಗೆ ತಕ್ಕ ಯಂತ್ರವನ್ನೇ ಬೇರೆಯಾಗಿ ಮಾಡಬೇಕು ಎಂಬ ಯೋಚನೆ ಬಲವಾದದ್ದು ಆಗ. ಮರುವರ್ಷ, 1999ರ ನವೆಂಬರಿನಲ್ಲಿ, ಲಾಭದ ಉದ್ದೇಶವಿಲ್ಲದ ಸಿಂಪ್ಯೂಟರ್ ಟ್ರಸ್ಟ್ ನೋಂದಣಿಯಾಯಿತು. ಏಳು ಜನ ಟ್ರಸ್ಟಿಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರು. ಉಳಿದ ಮೂವರು ವಿನಯ್ ದೇಶಪಾಂಡೆಯವರ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು. ಹೆಸರಿನ ಅರ್ಥ ಸರಳ: ಸುಲಭವಾದ, ಅಗ್ಗದ, ಬಹುಭಾಷೆಯ, ಜನರ ಕಂಪ್ಯೂಟರು. ಈ ನಾಲ್ಕು ಮಾತುಗಳ ಇಂಗ್ಲಿಷ್ ರೂಪಗಳಿಂದ ಅಕ್ಷರ ಆಯ್ದು ಹೆಣೆದ ಹೆಸರು ಅದು.

2001ರ ಏಪ್ರಿಲ್ 25ರಂದು ಮಾದರಿ ಯಂತ್ರ ಜನರ ಮುಂದೆ ಬಂತು. 320 ಅಡ್ಡ, 240 ಉದ್ದ ಬಿಂದುಗಳ ಕಪ್ಪು-ಬಿಳುಪು ಪರದೆ. 206 ಮೆಗಾಹರ್ಟ್ಸ್ ವೇಗದ ಇಂಟೆಲ್ ಚಿಪ್ಪು. 32 ಮೆಗಾಬೈಟ್ ಸ್ಮೃತಿ. ಒಳಗೆ ಯಾರಿಗೂ ಶುಲ್ಕ ಕೊಡಬೇಕಿಲ್ಲದ ಲಿನಕ್ಸ್ ತಂತ್ರಾಂಶ. ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಸಣ್ಣ ಬ್ಯಾಟರಿ ಸೆಲ್ಲುಗಳಿಂದ ಓಡುತ್ತಿತ್ತು. ಬೆಲೆ 9 ಸಾವಿರ ರೂಪಾಯಿಯ ಸುಮಾರಿಗೆ ನಿಲ್ಲಬೇಕು ಎಂಬುದು ಗುರಿ.

ಒಂಬತ್ತು ಸಾವಿರ ಆಗಿನ ಕೂಲಿಕಾರನಿಗೆ ಸಣ್ಣ ಮೊತ್ತವಲ್ಲ. ಅದು ಟ್ರಸ್ಟಿನವರಿಗೂ ಗೊತ್ತಿತ್ತು. ಅದಕ್ಕೇ ಯಂತ್ರದ ಪಕ್ಕದಲ್ಲಿ ಒಂದು ಸೀಳು ಇಟ್ಟಿದ್ದರು; ಬ್ಯಾಂಕಿನ ಕಾರ್ಡಿನಂಥ ಸ್ಮಾರ್ಟ್ ಕಾರ್ಡನ್ನು ತೂರಿಸುವ ಸೀಳು. ಇಡೀ ಯಂತ್ರದ ಜಾಣ್ಮೆಯಿದ್ದದ್ದು ಇಲ್ಲಿ. ಪೂರಿಗಾಲಿಯಂಥ ಒಂದು ಊರಿಗೆ ಒಂದೇ ಯಂತ್ರವಿದೆ ಎಂದುಕೊಳ್ಳಿ. ಅದು ಪಂಚಾಯಿತಿಯಲ್ಲೋ ಹಾಲಿನ ಡೇರಿಯಲ್ಲೋ ಇರುತ್ತದೆ. ಪ್ರತಿ ಮನೆಗೂ ಒಂದು ಕಾರ್ಡು. ಕಾರ್ಡು ತೂರಿಸಿದವರಿಗೆ ಅವರ ಸಾಲ, ಅವರ ಪಹಣಿ, ಅವರ ಹಾಲಿನ ಲೆಕ್ಕ ತೆರೆದುಕೊಳ್ಳುತ್ತದೆ. ಕಾರ್ಡು ತೆಗೆದರೆ ಯಂತ್ರ ಮತ್ತೆ ಊರಿನದಾಗುತ್ತದೆ. ಊರಿನ ಬಾವಿ ಒಂದೇ, ಬಿಂದಿಗೆ ಅವರವರದು ಎಂಬ ಹಾಗೆ.

ಓದಲು ಬಾರದವರ ವಿಷಯಕ್ಕೆ ಬಂದರೆ, ಅದಕ್ಕೆ ಧ್ವನಿ ಎಂಬ ತಂತ್ರಾಂಶವಿತ್ತು. ಪರದೆಯ ಮೇಲಿನ ಬರಹವನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಉಪಾಯ. ಇಂಗ್ಲಿಷಿನಲ್ಲಿ ಈ ಕೆಲಸ ಬಲು ಕಷ್ಟ, ಏಕೆಂದರೆ ಅಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು. ಕನ್ನಡದಲ್ಲಿ ಹಾಗಲ್ಲ, ಬರೆದದ್ದನ್ನೇ ಓದುತ್ತೇವೆ. ಕ, ಕಾ, ಕಿ, ಕೀ ಎಂದು ಕಾಗುಣಿತದಲ್ಲಿ ಮಕ್ಕಳು ಒಪ್ಪಿಸುವ ಸದ್ದುಗಳನ್ನೇ ತುಣುಕುಗಳಾಗಿ ಮುದ್ರಿಸಿಟ್ಟುಕೊಂಡು, ಬೇಕಾದಾಗ ಒಂದಕ್ಕೊಂದು ಅಂಟಿಸಿದರೆ ಮಾತಾಗುತ್ತದೆ. ಅಂಟಿಸಿದ ಕಡೆ ಸ್ವರ ಸ್ವಲ್ಪ ತೊದಲಬಹುದು, ನಾಟಕದ ಪಾತ್ರದಂತೆ ಭಾವ ತುಂಬಿ ಮಾತನಾಡಲಾರದು. ಆದರೆ ಸಾಲ ಎಷ್ಟು ಬಾಕಿ ಎಂದು ತಿಳಿಸಲು ಭಾವ ಬೇಕಿಲ್ಲವಷ್ಟೆ. ನಮ್ಮ ವರ್ಣಮಾಲೆಯ ಅಚ್ಚುಕಟ್ಟುತನ ಕಂಪ್ಯೂಟರಿಗೆ ಅಡ್ಡಿ ಎಂದು ಹಲವರು ದೂರುತ್ತಿದ್ದ ಕಾಲದಲ್ಲಿ, ಅದು ಅನುಕೂಲವೂ ಹೌದು ಎಂದು ತೋರಿಸಿದ ಕೆಲಸ ಇದು.

ಇನ್ನೂ ಒಂದು ಹೊಸತನವಿತ್ತು, ಅದು ಕಾನೂನಿನದು. ಯಂತ್ರದ ನಕ್ಷೆಯನ್ನೇ ಟ್ರಸ್ಟು ಹಂಚಲು ಸಿದ್ಧವಾಗಿತ್ತು. ಬಡ ದೇಶದ ತಯಾರಕನಾದರೆ 25 ಸಾವಿರ ಡಾಲರ್, ಶ್ರೀಮಂತ ದೇಶದವನಾದರೆ ಅದರ ಹತ್ತರಷ್ಟು ಶುಲ್ಕ ಒಮ್ಮೆ ಕಟ್ಟಿ, ಯಾರು ಬೇಕಾದರೂ ತಯಾರಿಸಬಹುದು, ಬದಲಾಯಿಸಬಹುದು. ಆದರೆ ಮಾಡಿದ ಸುಧಾರಣೆಯನ್ನು ಒಂದು ವರ್ಷದೊಳಗೆ ಎಲ್ಲರಿಗೂ ಬಿಟ್ಟುಕೊಡಬೇಕು. ತಂತ್ರಾಂಶದಲ್ಲಿ ಇಂಥ ಏರ್ಪಾಟು ಆಗಲೇ ಇತ್ತು. ಮುಟ್ಟಿ ನೋಡಬಹುದಾದ ಯಂತ್ರಕ್ಕೆ ಅದನ್ನು ಅನ್ವಯಿಸಿದ್ದು ಆ ದಿನಗಳಲ್ಲಿ ಅಪರೂಪ.

ಹೊರಗಿನ ಪ್ರಪಂಚ ಇದನ್ನು ಗಮನಿಸದೆ ಇರಲಿಲ್ಲ. 2001ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನು ಆ ವರ್ಷದ ದೊಡ್ಡ ಆವಿಷ್ಕಾರಗಳ ಸಾಲಿನಲ್ಲಿಟ್ಟು, ಗಾಂಧೀಜಿ ಕಂಪ್ಯೂಟರ್ ಮಾಡಿದ್ದರೆ ಹೇಗಿರುತ್ತಿತ್ತೋ ಹಾಗಿದೆ ಎಂಬರ್ಥದ ಮಾತು ಬರೆದರು. ಜಾಹೀರಾತಿಗೆ ಸ್ಟೀವ್ ಜಾಬ್ಸ್‌ರನ್ನು ಕರೆದಂತಿದೆ ಎಂಬ ಕೊಂಡಿಯೂ ಆ ಮಾತಿಗಿತ್ತು. ಮೊದಲ ಅರ್ಧವನ್ನು ಎಲ್ಲರೂ ಮೆಚ್ಚಿಕೊಂಡು ಮತ್ತೆ ಮತ್ತೆ ಹೇಳಿದರು. ಹೊಡೆತ ಬಿದ್ದದ್ದು ಎರಡನೆಯ ಅರ್ಧದ ಕೊರತೆಯಿಂದ.

ಹೊಗಳಿಕೆ ಇತ್ತು, ಗಿರಾಕಿ ಇರಲಿಲ್ಲ

ನಕ್ಷೆ ಸಿದ್ಧ, ಪರವಾನಗಿ ಸಿದ್ಧ. ದೊಡ್ಡ ತಯಾರಕರು ಸಾಲುಗಟ್ಟಿ ಬರುತ್ತಾರೆ ಎಂಬ ನಿರೀಕ್ಷೆ. ಬರಲಿಲ್ಲ. ಕೊನೆಗೆ ಟ್ರಸ್ಟಿನ ಒಳಗಿನವರೇ ತಯಾರಿಕೆಗೆ ಇಳಿಯಬೇಕಾಯಿತು. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಪಿಕೋಪೆಟಾ ಎಂಬ ಕಂಪನಿ ಕಟ್ಟಿದರು. ಎನ್‌ಕೋರ್ ತನ್ನದೇ ಸಿಂಪ್ಯೂಟರ್ ಮಾಡಿತು. ಒಂದೇ ಟ್ರಸ್ಟಿನಿಂದ ಹೊರಟ, ಒಂದೇ ಊರಿನ ಎರಡು ಪುಟ್ಟ ಕಂಪನಿಗಳು, ಇನ್ನೂ ಹುಟ್ಟದ ಮಾರುಕಟ್ಟೆಯಲ್ಲಿ ಎದುರುಬದುರು ನಿಂತವು. ಪೈಪೋಟಿಯಿಂದ ಬೆಲೆ ಇಳಿಯುತ್ತದೆ ಎಂಬುದು ಪುಸ್ತಕದ ಮಾತು. ಇಬ್ಬರೂ ಸಾವಿರದ ಲೆಕ್ಕದಲ್ಲಿ ಬಿಡಿಭಾಗ ಕೊಳ್ಳುವವರಾದರೆ ಇಳಿಯುವುದು ಇಬ್ಬರ ಶಕ್ತಿ ಮಾತ್ರ.

ಪಿಕೋಪೆಟಾದ ಯಂತ್ರವನ್ನು ತಯಾರಿಸಿಕೊಟ್ಟದ್ದು ಸರ್ಕಾರಿ ಸ್ವಾಮ್ಯದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಜಾಲಹಳ್ಳಿಯ ಬಿ.ಇ.ಎಲ್. ಅಮಿಡಾ ಎಂಬ ಹೆಸರಿನಲ್ಲಿ 2004ರ ಮಾರ್ಚಿನಲ್ಲಿ ಅದು ಮಾರಾಟಕ್ಕೆ ಬಂತು. ಕಪ್ಪು-ಬಿಳುಪಿನದಕ್ಕೆ ಸುಮಾರು 10 ಸಾವಿರ, ಬಣ್ಣದ ಪರದೆಯದಕ್ಕೆ ಸುಮಾರು 20 ಸಾವಿರ ರೂಪಾಯಿ. ಅಮಿಡಾದಲ್ಲಿ ಒಂದು ಸೊಗಸಿತ್ತು. ಯಂತ್ರವನ್ನು ಕೈಯಲ್ಲಿ ಹಿಡಿದು ಮಣಿಕಟ್ಟನ್ನು ತುಸು ಕೊಡವಿದರೆ ಪುಟ ತಿರುಗುತ್ತಿತ್ತು. ಒಳಗೆ ಚಲನೆಯನ್ನು ಗುರುತಿಸುವ ಚಿಪ್ಪು ಇತ್ತು. ಮೂರು ವರ್ಷದ ಮೇಲೆ, 2007ರಲ್ಲಿ, ಐಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದನ್ನು ಕಂಡು ಲೋಕ ಬೆರಗಾಯಿತಲ್ಲ, ಆ ಜಾತಿಯ ಚಿಪ್ಪೇ ಇದು. ಮೊದಲು ಮಾಡಿದವರಿಗೆ ಮಾರುಕಟ್ಟೆಯಲ್ಲಿ ವಿಶೇಷ ಮರ್ಯಾದೆಯೇನೂ ಇಲ್ಲ.

ಮಾರಾಟವಾದದ್ದು ಎಷ್ಟು? 2005ರವರೆಗೆ ಸುಮಾರು 4 ಸಾವಿರ. ಅಂದಾಜು ಮಾಡಿದ್ದು ಹತ್ತಾರು ಸಾವಿರ.

ಸೋಲಿಗೆ ಕಾರಣ ಹುಡುಕಿದವರು ಸಾಮಾನ್ಯವಾಗಿ ಸರ್ಕಾರದ ಉದಾಸೀನವನ್ನು ದೂರುತ್ತಾರೆ. ಅದರಲ್ಲಿ ನಿಜವಿದೆ. ಅದೇ 2004ರ ಏಪ್ರಿಲ್-ಮೇ ತಿಂಗಳಲ್ಲಿ ಅದೇ ಬಿ.ಇ.ಎಲ್. ತಯಾರಿಸಿದ ಇನ್ನೊಂದು ಯಂತ್ರ ದೇಶದ ಹಳ್ಳಿ ಹಳ್ಳಿಗೂ ಹೋಗಿತ್ತು: ವಿದ್ಯುನ್ಮಾನ ಮತಯಂತ್ರ. ಆ ಸಲದ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಮತಯಂತ್ರದಲ್ಲೇ ನಡೆಯಿತು. ಅದೂ ಓದಲು ಬಾರದವರಿಗೆ ಒದಗುವಂತೆ ಮಾಡಿದ್ದೇ. ಚಿಹ್ನೆ ನೋಡಿ ಗುಂಡಿ ಒತ್ತಿದರಾಯಿತು. ಅದಕ್ಕೂ ಬ್ಯಾಟರಿ, ಅದೂ ಸರಳ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ಮತಯಂತ್ರಕ್ಕೆ ಚುನಾವಣಾ ಆಯೋಗವೆಂಬ ಖಚಿತ ಗಿರಾಕಿಯಿತ್ತು, ಲಕ್ಷಗಟ್ಟಲೆ ಬೇಡಿಕೆಯಿತ್ತು. ಸಿಂಪ್ಯೂಟರಿಗೆ ಅಂಥ ಗಿರಾಕಿ ಒದಗಲಿಲ್ಲ. ಬಡವನಿಗೆ ಬೇಕು ಎಂಬುದೇ ಬೇಡಿಕೆಯಲ್ಲ. ಬಡವನ ಪರವಾಗಿ ದುಡ್ಡು ಕಟ್ಟುವವರು ಬೇಕು.

ಆದರೆ ಸರ್ಕಾರವನ್ನು ದೂರಿ ಮುಗಿಸಿದರೆ ಅರ್ಧ ಕಥೆ ಮಾತ್ರ. ಯಂತ್ರದ ಹಿಂದಿನ ಲೆಕ್ಕಾಚಾರದಲ್ಲೂ ಒಂದು ಬಿರುಕಿತ್ತು. ಹಳ್ಳಿಯವರು ಒಂದೇ ಯಂತ್ರವನ್ನು ಹಂಚಿಕೊಳ್ಳುತ್ತಾರೆ ಎಂದು ಟ್ರಸ್ಟು ನಂಬಿತ್ತು. ಅಷ್ಟರಲ್ಲಿ 2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆಗಳು ಉಚಿತವಾದವು. ಅದೇ ಜುಲೈನಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಫೋನು ಕೈಗಿಡುವ ಯೋಜನೆ ಹೊರಡಿಸಿತು. ಮೊಬೈಲಿಗೆ ಓದು ಬೇಕಿಲ್ಲ, ಕಾರ್ಡು ಬೇಕಿಲ್ಲ, ಪಂಚಾಯಿತಿ ಬಾಗಿಲು ತೆರೆಯುವವರೆಗೆ ಕಾಯಬೇಕಿಲ್ಲ. ಮಾತು ಬಲ್ಲವರಿಗೆಲ್ಲ ಅದು ಒದಗಿತು. ಎಲ್ಲಕ್ಕಿಂತ ಮಿಗಿಲಾಗಿ, ಅದು ತನ್ನದು. ಅಂಗಿಯ ಜೇಬಿನಲ್ಲಿಟ್ಟುಕೊಳ್ಳಬಹುದಾದ ಸ್ವಂತದ ವಸ್ತು. ಊರೊಟ್ಟಿನ ಬಾವಿಯ ಉಪಮೆ ಚೆನ್ನಾಗಿತ್ತು. ಆದರೆ ಆ ಬಾವಿಗಳ ಇತಿಹಾಸ ಬಲ್ಲವರಿಗೆ, ಎಲ್ಲರೂ ಅಲ್ಲಿ ಸಮನಾಗಿ ನೀರು ಸೇದುತ್ತಿರಲಿಲ್ಲ ಎಂಬುದೂ ಗೊತ್ತು. ಯಂತ್ರ ಯಾರ ಜಗುಲಿಯ ಮೇಲಿರಬೇಕು, ಕೀಲಿ ಯಾರ ಸೊಂಟದಲ್ಲಿರಬೇಕು ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕುವುದಿಲ್ಲ.

ಮಳವಳ್ಳಿ ತಾಲ್ಲೂಕಿಗೆ ಇಂಥ ಅನುಭವ ಹೊಸದಲ್ಲ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ 1902ರಲ್ಲಿ ವಿದ್ಯುತ್ತು ತೆಗೆದಾಗ, ತಂತಿ ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಆ ದೀಪ ಬಂತು. ಜಲಪಾತದ ಸದ್ದು ಕೇಳುವ ಹಳ್ಳಿಗಳ ಸರದಿ ಬಂದದ್ದು ದಶಕಗಳ ಮೇಲೆ. ಗಣಿಯ ಕಂಪನಿ ಖಚಿತ ಗಿರಾಕಿ, ಹಳ್ಳಿ ಗಿರಾಕಿಯಲ್ಲ. ಸಿಂಪ್ಯೂಟರಿನವರು ಈ ಸರದಿಯನ್ನೇ ತಿರುವುಮುರುವು ಮಾಡಲು ಹೊರಟಿದ್ದರು ಎಂಬುದನ್ನು ಮರೆಯಬಾರದು.

ಮುಂದೆ ಎನ್‌ಕೋರ್ 2005ರಲ್ಲಿ ಮೊಬಿಲಿಸ್ ಎಂಬ, ಸ್ವಲ್ಪ ದೊಡ್ಡ ಪರದೆಯ ಅಗ್ಗದ ಕಂಪ್ಯೂಟರನ್ನು ಕೇಂದ್ರ ಸರ್ಕಾರದ ವಿಜ್ಞಾನ ಮಂಡಳಿಯ ನೆರವಿನಿಂದ ಹೊರತಂದಿತು. ಪಿಕೋಪೆಟಾವನ್ನು ಮುಂಬೈಯ ಜಿಯೋಡೆಸಿಕ್ ಕಂಪನಿ ಕೊಂಡಿತು. ಸಿಂಪ್ಯೂಟರ್ ಎಂಬ ಹೆಸರು ಪತ್ರಿಕೆಗಳಿಂದ ಮೆಲ್ಲನೆ ಮರೆಯಾಯಿತು.

ಗುಳಿಗೆಯಲ್ಲ, ಟ್ಯಾಬು

2010ಕ್ಕೆ ಮುಂಚೆ ನಮ್ಮ ಊರುಗಳಲ್ಲಿ ಟ್ಯಾಬ್ಲೆಟ್ ಎಂದರೆ ಜ್ವರಕ್ಕೆ ನುಂಗುವ ಗುಳಿಗೆ. ಕಂಪ್ಯೂಟರಿನವರ ಬಾಯಲ್ಲಿ ಆ ಮಾತು ಬಹಳ ಹಿಂದಿನಿಂದಲೂ ಇತ್ತು. ಮಗುವಿನ ಕೈಗೆ ಕೊಡಬಹುದಾದ ಪುಸ್ತಕದಂಥ ಕಂಪ್ಯೂಟರಿನ ಕಲ್ಪನೆಯನ್ನು ಅಮೆರಿಕದ ಅಲನ್ ಕೇ 1972ರಲ್ಲೇ ಬರೆದಿದ್ದರು. ಆ್ಯಪಲ್ 1993ರಲ್ಲಿ ನ್ಯೂಟನ್ ಎಂಬ ಅಂಗೈ ಯಂತ್ರ ತಂದು, ಅದು ಕೈಬರಹ ಓದುವ ರೀತಿಗೆ ನಗೆಪಾಟಲಾಗಿ, 1998ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್ 2002ರಲ್ಲಿ ಟ್ಯಾಬ್ಲೆಟ್ ಪಿಸಿ ಎಂದು ಹೊರಟಿತು. ಭಾರ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ ಸಿಂಪ್ಯೂಟರ್ ಒಂದೇ ಸೋತದ್ದಲ್ಲ, ಅದರ ಕಾಲದ ಹಲಗೆಗಳೆಲ್ಲ ಸೋತವು.

2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಐಪ್ಯಾಡನ್ನು ತೋರಿಸಿದರು. ಬೆಲೆ 999 ಡಾಲರ್ ಇರಬಹುದೆಂದು ಪಂಡಿತರು ಹೇಳುತ್ತಿದ್ದರು. ಅವರು 499 ಎಂದರು. ಮೊದಲ ದಿನವೇ 3 ಲಕ್ಷ, 80 ದಿನಗಳಲ್ಲಿ 30 ಲಕ್ಷ ಯಂತ್ರಗಳು ಖರ್ಚಾದವು. ಇದನ್ನು ಜಾಬ್ಸ್‌ರ ಮಾತಿನ ಮೋಡಿ ಎಂದು ಬಿಡುವುದು ಸುಲಭ. ಒಳಗಿನ ಸಂಗತಿ ಬೇರೆ. ಐಫೋನಿನಿಂದಾಗಿ ಆ್ಯಪಲ್ಲಿಗೆ ಚಿಪ್ಪು, ಪರದೆ, ಸ್ಮೃತಿಗಳನ್ನು ಕೋಟಿಗಟ್ಟಲೆ, ಮುಂಗಡ ಕೊಟ್ಟು ಕೊಳ್ಳುವ ಅಭ್ಯಾಸವಾಗಿತ್ತು. ಐಫೋನಿಗಾಗಿ ಹೊರಗಿನವರು ಬರೆದಿಟ್ಟಿದ್ದ ಲಕ್ಷಕ್ಕೂ ಮಿಕ್ಕ ಆ್ಯಪ್‌ಗಳು ಮೊದಲ ದಿನದಿಂದಲೇ ಐಪ್ಯಾಡಿನಲ್ಲೂ ಓಡಿದವು. ಮನೆ ಕಟ್ಟುವ ಮೊದಲೇ ಸಂತೆ ನೆರೆದಿತ್ತು.

ಇಲ್ಲೂ ಬೆಂಗಳೂರಿನ ಒಂದು ಎಳೆ ಇದೆ. ಐಪ್ಯಾಡ್ ಘೋಷಣೆಗೆ ಕೆಲವೇ ವಾರ ಮೊದಲು, ಅದೇ ಜನವರಿಯಲ್ಲಿ, ಅಮೆರಿಕದ ಲಾಸ್ ವೇಗಸ್ ನಗರದ ಪ್ರದರ್ಶನದಲ್ಲಿ ನೋಷನ್ ಇಂಕ್ ಎಂಬ ಬೆಂಗಳೂರಿನ ಪುಟ್ಟ ಕಂಪನಿ ಆಡಮ್ ಎಂಬ ಟ್ಯಾಬ್ಲೆಟ್ ತೋರಿಸಿತ್ತು. ಕಟ್ಟಿದವರು ರೋಹನ್ ಶ್ರವಣ್ ಮತ್ತು ಅವರ ಗೆಳೆಯರು. ಬಿಸಿಲಿನಲ್ಲೂ ಓದಬಹುದಾದ ಪರದೆ, ಹಿಂದಕ್ಕೂ ಮುಂದಕ್ಕೂ ಹೊರಳುವ ಒಂದೇ ಕ್ಯಾಮೆರಾ. ಹೊರದೇಶದ ಪತ್ರಿಕೆಗಳು ಐಪ್ಯಾಡಿನ ಎದುರಾಳಿ ಎಂದೇ ಬರೆದವು. ಆದರೆ ಯಂತ್ರ ಗಿರಾಕಿಗಳ ಕೈಗೆ ಹೋಗುವಾಗ 2011ರ ಜನವರಿ. ಎರಡು ತಿಂಗಳೊಳಗೆ ಆ್ಯಪಲ್ ಇನ್ನೂ ತೆಳುವಾದ ಎರಡನೆಯ ಐಪ್ಯಾಡ್ ತಂದಿತ್ತು. ಹೊಸ ಬಗೆಯ ಪರದೆಯನ್ನು ಕೆಲವೇ ಸಾವಿರದ ಲೆಕ್ಕದಲ್ಲಿ ಕೊಳ್ಳುವವನು ತಯಾರಕನ ಬಾಗಿಲಲ್ಲಿ ಸಾಲಿನ ಕೊನೆಗೆ ನಿಲ್ಲಬೇಕು. ಸಿಂಪ್ಯೂಟರಿನವರು ಕಂಡ ಬಾಗಿಲೇ ಅದು.

ದೊಡ್ಡವರ ಜಗಳದಲ್ಲಿ ದೊಡ್ಡವರೂ ಬಿದ್ದರು. ಸ್ಯಾಮ್ಸಂಗ್ 2010ರಲ್ಲಿ 7 ಅಂಗುಲದ ಗ್ಯಾಲಕ್ಸಿ ಟ್ಯಾಬ್ ತಂದಾಗ, ಇಷ್ಟು ಚಿಕ್ಕದು ಹುಟ್ಟುವಾಗಲೇ ಸತ್ತಂತೆ ಎಂದು ಜಾಬ್ಸ್ ಹಂಗಿಸಿದರು. ಅವರು ತೀರಿಕೊಂಡ ಮರುವರ್ಷ, 2012ರಲ್ಲಿ, ಆ್ಯಪಲ್ ತಾನೇ 8 ಅಂಗುಲಕ್ಕೂ ಚಿಕ್ಕ ಐಪ್ಯಾಡ್ ಹೊರತಂದಿತು. ಆ ಎರಡು ಕಂಪನಿಗಳು 2011ರಿಂದ ಹಲವು ದೇಶಗಳ ನ್ಯಾಯಾಲಯಗಳಲ್ಲಿ ಕಾದಾಡಿದವು. ಲಂಡನ್ನಿನ ನ್ಯಾಯಾಧೀಶರೊಬ್ಬರು, ಸ್ಯಾಮ್ಸಂಗಿನದು ಆ್ಯಪಲ್ಲಿನಷ್ಟು ಸೊಗಸಾಗಿಲ್ಲ, ಆದ್ದರಿಂದ ನಕಲಲ್ಲ ಎಂದು ತೀರ್ಪಿತ್ತರು; ಸ್ಯಾಮ್ಸಂಗ್ ಗೆದ್ದು ಪೆಚ್ಚಾದ ಮೊಕದ್ದಮೆ ಅದು. ಎಚ್.ಪಿ. ಕಂಪನಿ 2011ರ ಜುಲೈನಲ್ಲಿ ತಂದ ಟಚ್‌ಪ್ಯಾಡನ್ನು ಎರಡು ತಿಂಗಳೂ ತುಂಬುವ ಮೊದಲೇ ನಿಲ್ಲಿಸಿ, ಉಳಿದದ್ದನ್ನು 99 ಡಾಲರಿಗೆ ಹರಾಜು ಹಾಕಿದಂತೆ ಮಾರಿತು. ಮೈಕ್ರೋಸಾಫ್ಟ್ 2013ರಲ್ಲಿ ತನ್ನ ಸರ್ಫೇಸ್ ಹಲಗೆಗಳ ದಾಸ್ತಾನಿಗಾಗಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅಮೆಜಾನ್ ಮಾತ್ರ ಯಂತ್ರವನ್ನು 199 ಡಾಲರಿಗೆ ಕೊಟ್ಟು, ಅದರೊಳಗೆ ಪುಸ್ತಕ ಸಿನಿಮಾ ಮಾರಿ ಬದುಕುವ ದಾರಿ ಹಿಡಿಯಿತು. 2014ರ ಹೊತ್ತಿಗೆ ವರ್ಷಕ್ಕೆ 22 ಕೋಟಿಗೂ ಹೆಚ್ಚು ಹಲಗೆಗಳು ಮಾರಾಟವಾಗುತ್ತಿದ್ದವು. ಬಳಿಕ ದೊಡ್ಡ ಪರದೆಯ ಫೋನುಗಳು ಬಂದು ಆ ಭರಾಟೆ ಇಳಿಯಿತು.

ನಮ್ಮಲ್ಲಿ ಈ ಭರಾಟೆಯ ನಡುವೆ ಆಕಾಶ್ ಬಂತು. 2011ರ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ, ಡೇಟಾವಿಂಡ್ ಕಂಪನಿಯ, ಸುಮಾರು 50 ಡಾಲರಿನ ಟ್ಯಾಬ್ಲೆಟ್. ಅದೇ ವರ್ಷದ ಆರಂಭದಲ್ಲಿ ಐಪ್ಯಾಡ್ ಭಾರತಕ್ಕೆ ಬಂದಾಗ ಅದರ ಬೆಲೆ 27,900 ರೂಪಾಯಿ ಇತ್ತೆಂಬುದನ್ನು ನೆನೆದರೆ ಆಕಾಶ್ ಕೊಟ್ಟ ಭರವಸೆ ಎಂಥದೆಂದು ತಿಳಿಯುತ್ತದೆ. ಈ ಸಲ ಖಚಿತ ಗಿರಾಕಿಯಿತ್ತು, ಸರ್ಕಾರವೇ ಕೊಳ್ಳುತ್ತಿತ್ತು. ಕೊರತೆ ಬಿದ್ದದ್ದು ಯಂತ್ರದಲ್ಲಿ. ಒತ್ತಿ ಒತ್ತಿ ಮುಟ್ಟಬೇಕಾದ ಪರದೆ, 366 ಮೆಗಾಹರ್ಟ್ಸಿನ ನಿಧಾನದ ಚಿಪ್ಪು. ನೀರು ಬಿದ್ದರೆ, ಕೆಳಗೆ ಬಿದ್ದರೆ ತಡೆಯಬೇಕು ಎಂಬ ಪರೀಕ್ಷೆಗಳ ಬಗ್ಗೆ ರಾಜಸ್ಥಾನದ ಐ.ಐ.ಟಿ.ಗೂ ಕಂಪನಿಗೂ ಜಗಳ ಬಿತ್ತು. ಹೊಣೆ ಮುಂಬೈ ಐ.ಐ.ಟಿ.ಗೆ ಹೋಯಿತು. ಗಿರಾಕಿಯಿಲ್ಲದ ಒಳ್ಳೆಯ ಯಂತ್ರ ಒಂದು. ಗಿರಾಕಿಯಿದ್ದ ಸಪ್ಪೆ ಯಂತ್ರ ಇನ್ನೊಂದು. ಎರಡೂ ಹಳ್ಳಿಯ ಶಾಲೆಯ ಹುಡುಗನ ಕೈ ಸೇರಲಿಲ್ಲ.

ಈ ಪೈಪೋಟಿಯ ಇಡೀ ಲೆಕ್ಕದಲ್ಲಿ ಕಂಪನಿಗಳು ಪರದೆಯ ಅಂಗುಲ, ಬ್ಯಾಟರಿಯ ಗಂಟೆ, ದಪ್ಪದ ಮಿಲಿಮೀಟರುಗಳನ್ನು ಒಂದಕ್ಕೊಂದು ಹೋಲಿಸಿ ಜಾಹೀರಾತು ಕೊಟ್ಟವು. ಕನ್ನಡದ ಸಂಗತಿ ಆ ಪಟ್ಟಿಯಲ್ಲಿ ಇರಲಿಲ್ಲ. ಆಂಡ್ರಾಯ್ಡ್ ಯಂತ್ರಗಳಲ್ಲಿ ಕನ್ನಡ ಅಕ್ಷರಗಳು ಒತ್ತು ದೀರ್ಘಗಳೊಡನೆ ನೆಟ್ಟಗೆ ಕಾಣತೊಡಗಿದ್ದು 2012ರ 4.1ನೇ ಆವೃತ್ತಿಯಿಂದ, ಅದಕ್ಕೆ ಮುಂಚೆ ಬಹುಪಾಲು ಯಂತ್ರಗಳಲ್ಲಿ ಕಾಣುತ್ತಿದ್ದುದು ಸಾಲು ಸಾಲು ಖಾಲಿ ಚೌಕಗಳು. ಐಪ್ಯಾಡ್ ಮತ್ತು ಐಫೋನುಗಳಿಗೆ ಆ್ಯಪಲ್ ತಾನೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರ 11ನೇ ಆವೃತ್ತಿಯಲ್ಲಿ. 2001ರ ಬೆಂಗಳೂರಿನ ಮಾದರಿ ಯಂತ್ರ ಕನ್ನಡವನ್ನು ಓದಿ ಹೇಳುತ್ತಿತ್ತು. ನಡುವೆ ಹದಿನಾರು ವರ್ಷ. ಲೋಕದ ಅತಿ ಶ್ರೀಮಂತ ಕಂಪನಿಗೆ ಬುದ್ಧಿಯಾಗಲಿ ಹಣವಾಗಲಿ ಸಾಲದೆ ಹೋದದ್ದಲ್ಲ. ಕನ್ನಡ ಓದುಗ ಅದರ ಕಣ್ಣಿಗೆ ಅಲ್ಲಿಯವರೆಗೆ ಗಿರಾಕಿಯಾಗಿ ಬಿದ್ದಿರಲಿಲ್ಲ.

ಮತ್ತೆ ಹೊಲದ ಬದುವಿನಲ್ಲಿ

ಸಿಂಪ್ಯೂಟರ್ ಪೂರ್ತಿ ವ್ಯರ್ಥವಾಯಿತು ಎನ್ನಲಾಗದು. ಗಣಿಯಿಂದ ಹೊರಡುವ ಕಬ್ಬಿಣದ ಅದಿರಿನ ಲೆಕ್ಕಕ್ಕೆ ಅದು ಬಳಕೆಯಾಯಿತು. ಧ್ವನಿ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟಿದ್ದರಿಂದ ಕೇರಳದ ತಂತ್ರಜ್ಞರು ಅದನ್ನು ಕೈಗೆತ್ತಿಕೊಂಡು ಮಲಯಾಳವೂ ಸೇರಿದಂತೆ ಇನ್ನಷ್ಟು ಭಾಷೆಗಳಿಗೆ ಬೆಳೆಸಿದರು. ನಮ್ಮ ಸರ್ಕಾರ ಅದನ್ನು ಬಳಸಿ ನೋಡಿದ್ದು ಭೂಮಿ ಯೋಜನೆಯಲ್ಲಿ.

ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿಗೆ ಮುದ್ರಿಸಿ ಕೊಡುತ್ತಿದ್ದ ಏರ್ಪಾಟು ಆ ಭೂಮಿ. ಪೂರಿಗಾಲಿಯ ರೈತ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ಬಿಟ್ಟು ಮಳವಳ್ಳಿಯ ಕಿಟಕಿಯಲ್ಲಿ ನಿಂತರಾಯಿತು. ಆದರೆ ಪಹಣಿಯಲ್ಲಿ ಮಾಲೀಕನ ಹೆಸರಿನ ಜೊತೆಗೆ ಬೆಳೆಯ ಅಂಕಣವೂ ಇರುತ್ತದೆ. ಕಬ್ಬೋ ಭತ್ತವೋ ರಾಗಿಯೋ ಎಂಬುದು ಫಸಲಿನಿಂದ ಫಸಲಿಗೆ ಬದಲಾಗುತ್ತದೆ. ಬ್ಯಾಂಕಿನ ಬೆಳೆ ಸಾಲ, ಬರ ಬಂದಾಗಿನ ಪರಿಹಾರ ಅದರ ಮೇಲೆ ನಿಂತಿರುತ್ತವೆ. ಅದನ್ನು ಹೊಲಕ್ಕೆ ಹೋಗಿ ನೋಡಿಯೇ ಬರೆಯಬೇಕು. ತಾಲ್ಲೂಕಿನ ಕಂಪ್ಯೂಟರಿಗೆ ಕಾಲಿಲ್ಲ. ಹೊಲದ ಬದುವಿನಲ್ಲೇ ಬೆಳೆಯ ಹೆಸರು ತುಂಬಿ, ಆಮೇಲೆ ಕಚೇರಿಯ ಯಂತ್ರಕ್ಕೆ ದಾಟಿಸಲೆಂದು ಸಿಂಪ್ಯೂಟರ್ ಅಲ್ಲಿಗೆ ಬಂತು. ಶಾನುಭೋಗರ ಬಗಲಲ್ಲಿ ಕಡತವಿದ್ದ ಜಾಗಕ್ಕೆ, ನಿಜವಾಗಿ ಅದು ಸೇರಬೇಕಾದ ಜಾಗಕ್ಕೆ ಬಂದಂತಾಯಿತು. ಆದರೆ ತಯಾರಕರೇ ಕಣದಿಂದ ಸರಿದ ಮೇಲೆ ಕೈಯಂತ್ರಕ್ಕೆ ಬಾಳಿಕೆಯೆಲ್ಲಿಂದ?

ಅದೇ ಕೆಲಸವನ್ನು ಈಗ ಬೇರೆ ಹಲಗೆಗಳು ಮಾಡುತ್ತಿವೆ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟು, ನಿಮ್ಮ ಹೊಲದ ಚಿತ್ರ ನೀವೇ ತೆಗೆದು ಕಳಿಸಿ ಎಂದಿತು. ಸ್ಮಾರ್ಟ್‌ಫೋನು ಇದ್ದವರು, ಮನೆಯಲ್ಲಿ ಓದುವ ಮಕ್ಕಳಿದ್ದವರು ಕಳಿಸಿದರು; ಇಲ್ಲದವರು ಊರಿನ ಹುಡುಗನೊಬ್ಬನನ್ನು ಹುಡುಕಿಕೊಂಡು ಹೋದರು. ಕೊರೊನಾ ಕಾಲದಲ್ಲಿ, 2021ರ ಜೂನಿನಲ್ಲಿ, ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಉಚಿತ ಟ್ಯಾಬ್ಲೆಟ್ ಹಂಚುವ ಕೆಲಸ ಆರಂಭವಾಯಿತು. ಬೆಂಗಳೂರಿನ ನಕ್ಷೆಯಿಂದ ಹುಟ್ಟಿದ ಹಲಗೆ ಅವುಗಳಲ್ಲಿ ಇರಲಿಲ್ಲ.

ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದೊಂದು ಇದು: ಇಲಾಖೆ ಒಂದರ ಮೇಲೊಂದು ಆ್ಯಪ್ ಹೊರಿಸುತ್ತಿದೆ, ಅದನ್ನು ನಡೆಸಲು ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಟ್ಟಿಲ್ಲ, ಸ್ವಂತ ಫೋನಿನಲ್ಲಿ ಸರ್ಕಾರದ ಕೆಲಸ ಎಷ್ಟು ದಿನ ಮಾಡುವುದು?